ಟೆಸ್ಟರ್‌ಗಳ ಸಮ್ಮೇಳನಕ್ಕೆ ಪ್ರಾಯೋಜಕಿಯಾಗಿ ಹೋದ ಎರಡು ದಿನ

ನಮ್ಮದು ಬಸವನಗುಡಿಯಲ್ಲಿರುವ ಆರು ಜನರ ಅನುವಾದ ಸಂಸ್ಥೆ. ಬ್ಯಾಂಕಿನ ಅರ್ಜಿ, ಆಸ್ಪತ್ರೆಯ ಆ್ಯಪ್, ವಿಮೆಯ ಕರಪತ್ರ ಇವುಗಳನ್ನೆಲ್ಲ ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವುದು ನಮ್ಮ ಕೆಲಸ. ನಾನು ಕನ್ನಡ ಎಂ.ಎ. ಓದಿದವಳು, ಇದುವರೆಗೆ ಒಂದು ಸಾಲು ಕೋಡ್ ಬರೆದವಳಲ್ಲ. ಹೀಗಿದ್ದೂ ಕಳೆದ ವರ್ಷ ಬೆಂಗಳೂರಿನಲ್ಲಿ, ತಂತ್ರಾಂಶಗಳನ್ನು ಪರೀಕ್ಷಿಸಿ ತಪ್ಪು ಹುಡುಕುವ ಸಾಫ್ಟ್‌ವೇರ್ ಟೆಸ್ಟರ್‌ಗಳ ಸಮುದಾಯ ನಡೆಸಿದ ಎರಡು ದಿನಗಳ ಸಮ್ಮೇಳನಕ್ಕೆ, ಕಚೇರಿಯ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಹಣ ಕಟ್ಟಿ, ಎಲ್ಲಕ್ಕಿಂತ ಕೆಳಗಿನ ಹಂತದ ಪ್ರಾಯೋಜಕರಾದೆವು. ತಂತ್ರಜ್ಞಾನದ ಹಿನ್ನೆಲೆಯಿಲ್ಲದ ಬೇರೆ ಚಿಕ್ಕ ಸಂಸ್ಥೆಗಳವರೂ ಇಂಥದ್ದಕ್ಕೆ ಹಣ ಹೂಡಬಹುದೇ ಎಂದು ಯೋಚಿಸುತ್ತಿದ್ದರೆ ಅವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಸಂಘಟಕರೆಲ್ಲ ತಮ್ಮ ನೌಕರಿಯ ನಡುವೆ ಬಿಡುವು ಮಾಡಿಕೊಂಡು ದುಡಿಯುವ ಸ್ವಯಂಸೇವಕರು. ಕೊರತೆಗಳನ್ನು ಅವರಿಗೇ ಪತ್ರ ಬರೆದು ತಿಳಿಸಿದ್ದೇನಾದ್ದರಿಂದ ಸಮ್ಮೇಳನದ ಹೆಸರನ್ನು ಇಲ್ಲಿ ಎತ್ತುವುದಿಲ್ಲ.

ಬೆಂಗಳೂರಿಗೆ ಇಂಥ ಕೂಟಗಳು ಹೊಸವಲ್ಲ. 2009ರಲ್ಲಿ ಇಲ್ಲಿಯ ಕೆಲವು ಟೆಸ್ಟರ್‌ಗಳು ರಜಾದಿನಗಳಲ್ಲಿ ಆನ್‌ಲೈನ್‌ನಲ್ಲಿ ಸೇರಿ, ಯಾವುದಾದರೊಂದು ಸಾಫ್ಟ್‌ವೇರನ್ನು ಒಟ್ಟಿಗೆ ಪರೀಕ್ಷಿಸಿ, ಕಂಡದ್ದನ್ನು ಚರ್ಚಿಸುವ ವೀಕೆಂಡ್ ಟೆಸ್ಟಿಂಗ್ ಎಂಬ ಪದ್ಧತಿಯನ್ನು ಆರಂಭಿಸಿದರು. ಅದು ಹೊರದೇಶಗಳಿಗೂ ಹಬ್ಬಿತು. ಸೆಲೆನಿಯಮ್ ಎಂಬ ಪ್ರಸಿದ್ಧ ಪರೀಕ್ಷಾ ಸಾಧನದ ಅಂತರರಾಷ್ಟ್ರೀಯ ಸಮ್ಮೇಳನ 2014, 2016 ಮತ್ತು 2018ರಲ್ಲಿ ಈ ಊರಿನಲ್ಲೇ ನಡೆದಿದೆ. ನಾನು ಹೋದದ್ದು ಅಷ್ಟು ದೊಡ್ಡದಲ್ಲ. ಹೋಟೆಲೊಂದರ ಒಂದು ಸಭಾಂಗಣ, ಪಕ್ಕದಲ್ಲಿ ಎರಡು ಚಿಕ್ಕ ಕೋಣೆ.

ಕಟ್ಟಿದ ಹಣಕ್ಕೆ ಒಪ್ಪಂದದಂತೆ ಸಿಗಬೇಕಾದದ್ದು ಒಂದು ಮೇಜು, ಎರಡು ಪಾಸು, ವೇದಿಕೆಯ ಮೇಲೆ ಐದು ನಿಮಿಷ, ಮತ್ತು ಪ್ರಾಯೋಜಕರ ಫಲಕದಲ್ಲಿ ನಮ್ಮ ಹೆಸರು. ಮೇಜನ್ನು ಲಿಫ್ಟಿನ ಪಕ್ಕದ ಓಣಿಯಲ್ಲಿ ಹಾಕಿದ್ದರು. ಕಾಫಿ ಇಟ್ಟಿದ್ದು ಸಭಾಂಗಣದ ಇನ್ನೊಂದು ತುದಿಯಲ್ಲಿ. ಬಿಡುವು ಸಿಕ್ಕೊಡನೆ ಜನ ಕಾಫಿಯ ಕಡೆಗೆ ನಡೆಯುತ್ತಾರೆ, ಆದ್ದರಿಂದ ನಮ್ಮ ಕಡೆ ಬಂದವರು ಲಿಫ್ಟಿಗಾಗಿ ಕಾಯುವವರು ಮಾತ್ರ. ಐದು ನಿಮಿಷದ ಮಾತನ್ನು ಮೊದಲ ದಿನದ ಊಟಕ್ಕೆ ಸರಿಯಾಗಿ ಮುಂಚೆ ಇಟ್ಟಿದ್ದರಿಂದ ಅರ್ಧ ಸಭೆ ಆಗಲೇ ಎದ್ದಿತ್ತು.

ನಿಜವಾಗಿ ನೋವಾದದ್ದು ಫಲಕವನ್ನು ಕಂಡಾಗ. ನಮ್ಮ ಸಂಸ್ಥೆಯ ಹೆಸರಿನ ಒತ್ತಕ್ಷರ ಕೆಳಗಿಳಿಯದೆ, ಎರಡು ವ್ಯಂಜನಗಳು ನಡುವೆ ಕೊಕ್ಕೆಯಿಟ್ಟುಕೊಂಡು ಅಕ್ಕಪಕ್ಕ ನಿಂತಿದ್ದವು. ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆಯನ್ನು ಹಾಕದೆ ಕನ್ನಡವನ್ನು ಅಂಟಿಸಿದರೆ ಹೀಗಾಗುತ್ತದೆ ಎಂಬುದು ಮುದ್ರಣದ ಕೆಲಸ ಮಾಡುವವರಿಗೆಲ್ಲ ಗೊತ್ತು. ಮುದ್ರಣಕ್ಕೆ ಹೋಗುವ ಮುಂಚೆ ಕರಡನ್ನು ನಮಗೆ ಒಮ್ಮೆ ಕಳುಹಿಸಿದ್ದರೆ ಎರಡು ನಿಮಿಷದಲ್ಲಿ ಸರಿಯಾಗುತ್ತಿತ್ತು. ಸಂಘಟಕರು ಕ್ಷಮೆ ಕೇಳಿದರು, ಮರುದಿನ ಬೆಳಿಗ್ಗೆಯೊಳಗೆ ಹೊಸ ಫಲಕ ನಿಲ್ಲಿಸಿದರು. ಆದರೂ ಪ್ರಾಯೋಜಕರ ಹೆಸರಿನ ಕರಡನ್ನು ಪ್ರಾಯೋಜಕರಿಂದಲೇ ಒಪ್ಪಿಸಿಕೊಳ್ಳುವುದು ಇಂಥ ಸಮ್ಮೇಳನಗಳಲ್ಲಿ ಕಡ್ಡಾಯವಾಗಬೇಕು.

ಮೊದಲ ದಿನ ಮಧ್ಯಾಹ್ನದವರೆಗೆ ಮೇಜಿನ ಹಿಂದೆಯೇ ಕುಳಿತಿದ್ದೆ. ಬಂದವರು ಪೆನ್ನು ತೆಗೆದುಕೊಂಡು, "ನಿಮ್ಮದು ಯಾವ ಟೂಲ್ ಮೇಡಂ?" ಎಂದು ಕೇಳಿ, ಟೂಲ್ ಇಲ್ಲವೆಂದು ತಿಳಿದ ಮೇಲೆ ಸೌಜನ್ಯದಿಂದ ಒಂದು ನಗೆ ಬೀರಿ ಹೋಗುತ್ತಿದ್ದರು. ವಿಸಿಟಿಂಗ್ ಕಾರ್ಡುಗಳು ಸಾಕಷ್ಟು ಸಿಕ್ಕವು. ಆಮೇಲೆ ಆ ಎಲ್ಲರಿಗೂ ಪತ್ರ ಬರೆದೆವು. ಅವುಗಳಿಂದ ಒಂದು ಕೆಲಸವೂ ಬರಲಿಲ್ಲ.

ಊಟದ ನಂತರ ಶಿವಮೊಗ್ಗ ಕಡೆಯ ಹುಡುಗಿಯೊಬ್ಬಳು ಬಂದಳು. ಮೇಜಿನ ಮೇಲೆ ಟ್ಯಾಬ್‌ನಲ್ಲಿ ನಮ್ಮ ಕೆಲಸದ ಮಾದರಿಯಾಗಿ ಒಂದು ಕನ್ನಡ ಅರ್ಜಿಯನ್ನು ತೆರೆದಿಟ್ಟಿದ್ದೆವು. "ಮೇಡಂ, ಇದರಲ್ಲಿ ನಮ್ಮ ತಾತನ ಹೆಸರು ಹಾಕಿ ನೋಡ್ಲಾ?" ಎಂದು ಕೇಳಿ, ಲಕ್ಷ್ಮೀನಾರಾಯಣ ಎಂದು ಬರೆಯತೊಡಗಿದಳು. ಪರದೆ ಲಕ್ಷ್ಮೀನಾರಾಯ ಎಂಬಲ್ಲಿಗೆ ನಿಂತುಬಿಟ್ಟಿತು. ಕೊನೆಯ ಣ ಎಷ್ಟು ಒತ್ತಿದರೂ ಮೂಡಲಿಲ್ಲ. ಆಕೆ ನಗಲಿಲ್ಲ, ತಪ್ಪು ಸಿಕ್ಕಿತೆಂದು ಮೆರೆಯಲೂ ಇಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಒಂದೊಂದೇ ಅಕ್ಷರ ಅಳಿಸುತ್ತ ಹೋದಳು. ಕ್ಷ್ಮೀ ಎಂಬುದು ಒಂದೇ ಸಲಕ್ಕೆ ಅಳಿಯಲಿಲ್ಲ. ಮೊದಲು ದೀರ್ಘ ಹೋಗಿ ಕ್ಷ್ಮ ಆಯಿತು, ಆಮೇಲೆ ಮ ಹೋಯಿತು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕ ಉಳಿಯಿತು.

ನಂತರ ನನ್ನ ಟಿಪ್ಪಣಿ ಪುಸ್ತಕದಲ್ಲೇ ಬರೆದು ತೋರಿಸಿದಳು. ನಮ್ಮ ಕಣ್ಣಿಗೆ ಲಕ್ಷ್ಮೀನಾರಾಯಣ ಎಂದರೆ ಆರು ಅಕ್ಷರ. ಕಂಪ್ಯೂಟರಿನಲ್ಲಿ ಲಿಪಿಯ ಪ್ರತಿ ಚಿಹ್ನೆಗೂ ಒಂದು ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಕ್ಷ್ಮೀ ಒಂದಕ್ಕೇ ಆರು ಸಂಕೇತ ಬೇಕು: ಕ, ಹಲಂತ, ಷ, ಮತ್ತೊಂದು ಹಲಂತ, ಮ, ಈಕಾರ. ನಾ, ರಾ ಎರಡಕ್ಕೂ ಎರಡೆರಡು. ಹೀಗೆ ಇಡೀ ಹೆಸರಿಗೆ 13. ಆ ಅರ್ಜಿಯ ಮಿತಿ 12. "ಕನ್ನಡದ ಹೆಸರಿಗೆ ಹನ್ನೆರಡು ಅಕ್ಷರ ಧಾರಾಳವಾಗಿ ಸಾಕು" ಎಂದು ಡೆವಲಪರ್‌ಗೆ ಬರೆದುಕೊಟ್ಟವಳು ನಾನೇ. ನಾನು ಅಕ್ಷರ ಎಂದು ಬರೆದಾಗ ನನ್ನ ಮನಸ್ಸಿನಲ್ಲಿದ್ದದ್ದು ಕಾಗುಣಿತದ ಅಕ್ಷರ. ಆತ ಎಣಿಸಿದ್ದು ಯಂತ್ರದ ಸಂಕೇತವನ್ನು. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿದ್ದೆವು, ನಡುವೆ ಒಬ್ಬ ತಾತನ ಹೆಸರು ತುಂಡಾಯಿತು. ಇಷ್ಟು ವರ್ಷಗಳಲ್ಲಿ ನಾವು ಹೀಗೆ ಎಷ್ಟು ಅರ್ಜಿಗಳಿಗೆ ಸಲಹೆ ಕೊಟ್ಟಿದ್ದೇವೋ ಎಂಬ ಯೋಚನೆ ಅಂದು ರಾತ್ರಿ ನನ್ನನ್ನು ನಿದ್ದೆ ಮಾಡಗೊಡಲಿಲ್ಲ.

ಎರಡನೆಯ ದಿನ ಮೇಜನ್ನು ಸಹೋದ್ಯೋಗಿಗೆ ಒಪ್ಪಿಸಿ ಗೋಷ್ಠಿಗಳಲ್ಲಿ ಕುಳಿತೆ. ಬೆಳಿಗ್ಗೆ ಎಂಟಕ್ಕೆ ಲೀನ್ ಕಾಫಿ ಎಂಬ ಕೂಟವಿತ್ತು. 2009ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭವಾದ ಪದ್ಧತಿ ಇದು. ಮುಂಚಿತವಾಗಿ ಗೊತ್ತುಮಾಡಿದ ಕಾರ್ಯಕ್ರಮಪಟ್ಟಿ ಇರುವುದಿಲ್ಲ. ಸೇರಿದವರೇ ತಮಗೆ ಬೇಕಾದ ವಿಷಯಗಳನ್ನು ಚೀಟಿಯ ಮೇಲೆ ಬರೆದು, ಚುಕ್ಕೆಯಿಟ್ಟು ಮತ ಹಾಕಿ, ಹೆಚ್ಚು ಮತ ಬಿದ್ದದ್ದನ್ನು ಮೊದಲು ಎತ್ತಿಕೊಳ್ಳುತ್ತಾರೆ. ನಿಗದಿಯಾದ ನಿಮಿಷಗಳು ಮುಗಿದಾಗ ಹೆಬ್ಬೆರಳು ಮೇಲೆತ್ತಿದವರು ಹೆಚ್ಚಿದ್ದರೆ ಮಾತು ಮುಂದುವರಿಯುತ್ತದೆ, ಇಲ್ಲದಿದ್ದರೆ ಮುಂದಿನ ಚೀಟಿ. ನಾನು "ಕನ್ನಡದ ಹೆಸರು ಅರ್ಜಿಯಲ್ಲಿ ಏಕೆ ತುಂಡಾಗುತ್ತದೆ?" ಎಂದು ಬರೆದಿಟ್ಟೆ. ಆ ಚೀಟಿಗೆ ಎರಡು ಸಲ ಹೆಬ್ಬೆರಳು ಎದ್ದಿತು. ತಮಿಳು, ಮಲಯಾಳಂ ಮಾತನಾಡುವವರೂ ತಮ್ಮ ಅನುಭವಗಳನ್ನು ಹೇಳಿದರು. ಹಿರಿಯರೊಬ್ಬರು ಎಸ್‌ಎಂಎಸ್ ವಿಚಾರ ತೆಗೆದರು: ಇಂಗ್ಲಿಷ್ ಸಂದೇಶವೊಂದರಲ್ಲಿ 160 ಸಂಕೇತ ಹಿಡಿಸಿದರೆ ಕನ್ನಡದ್ದರಲ್ಲಿ ಹಿಡಿಸುವುದು 70; ಅದನ್ನು ಮೀರಿದರೆ ಸಂದೇಶ 67ರ ತುಂಡುಗಳಾಗಿ ಹೋಗುತ್ತದೆ, ಕಳುಹಿಸುವವರಿಗೆ ತುಂಡಿನ ಲೆಕ್ಕದಲ್ಲಿ ಖರ್ಚು ಬೀಳುತ್ತದೆ. ಆ 70ರಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲವೂ ಸೇರಿಕೊಳ್ಳುತ್ತವೆ. "ಮಾನ್ಯ ಗ್ರಾಹಕರೇ, ತಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಎಂದು ನಾವು ಸಂದೇಶ ಆರಂಭಿಸುವ ರೂಢಿಗೆ ಬ್ಯಾಂಕಿನವರು ಏಕೆ ಮುಖ ಸಿಂಡರಿಸುತ್ತಾರೆ ಎಂಬುದು ನನಗೆ ತಿಳಿದದ್ದು ಅಲ್ಲಿ. ಯಾವ ಅನುವಾದ ತರಬೇತಿಯಲ್ಲೂ ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಉಳಿದ ಭಾಷಣಗಳ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಸಭೆಯಲ್ಲಿ ಹೊಸಬರೂ ಪ್ರಾಯೋಜಕರೂ ಇದ್ದಾರೆಂಬ ಅರಿವು ಹೆಚ್ಚಿನ ಭಾಷಣಕಾರರಿಗೆ ಇರಲಿಲ್ಲ. ಮೂರಕ್ಷರದ ಸಂಕ್ಷೇಪಗಳ ಮಳೆಯಲ್ಲಿ ನಾನು ಅರ್ಧ ವಿಷಯ ಕಳೆದುಕೊಂಡೆ. ಪಾಸಿನ ಹಿಂಬದಿಯಲ್ಲಿ ಇಪ್ಪತ್ತು ಪದಗಳ ಅರ್ಥ ಅಚ್ಚು ಹಾಕಿಸಿದ್ದರೂ ಸಾಕಿತ್ತು. ಒಬ್ಬರು ಮಾತ್ರ ಏರಿಯಾನ್ 5 ರಾಕೆಟ್ಟಿನ ಕಥೆಯನ್ನು ಯಾರಿಗಾದರೂ ಅರ್ಥವಾಗುವಂತೆ ಬಿಡಿಸಿದರು. 1996ರ ಜೂನ್ 4ರಂದು ಅದು ಮೇಲೇರಿ 40 ಸೆಕೆಂಡಿನೊಳಗೆ ನಾಶವಾಯಿತು. ಹಿಂದಿನ ಏರಿಯಾನ್ 4ಕ್ಕಾಗಿ ಬರೆದಿದ್ದ ತಂತ್ರಾಂಶದ ಭಾಗವನ್ನು ಹಾಗೆಯೇ ಬಳಸಿಕೊಂಡಿದ್ದರು. 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ನ ಜಾಗಕ್ಕೆ ಇಳಿಸುವಾಗ ಅದು ಹಿಡಿಸಲಿಲ್ಲ. ಹಿಂದಿನ ದಿನದ ಣ ನನ್ನ ಕಣ್ಣ ಮುಂದೆ ಬಂತು.

ಊಟ, ಶೌಚಾಲಯ, ಸಮಯಪಾಲನೆ ಎಲ್ಲ ಅಚ್ಚುಕಟ್ಟಾಗಿದ್ದವು.

ಗ್ರಾಹಕರ ಪಟ್ಟಿ ಬೇಕೆನ್ನುವವರು ಈ ಹಂತದ ಪ್ರಾಯೋಜಕತ್ವ ತೆಗೆದುಕೊಳ್ಳುವುದು ಬೇಡ. ಮೇಜಿನಿಂದ ನಮಗಾದ ಲಾಭ ಶೂನ್ಯ. ಆದರೆ ನಿಮ್ಮ ಕೆಲಸ ಎಲ್ಲೋ ಒಂದು ಕಡೆ ಸಾಫ್ಟ್‌ವೇರಿನೊಳಗೆ ಸೇರಿ ಜನರ ಕೈಗೆ ಹೋಗುತ್ತಿದೆಯೆಂದಾದರೆ, ಅದು ಅನುವಾದವಿರಲಿ, ಲೆಕ್ಕಪತ್ರವಿರಲಿ, ಶಾಲೆಯ ಪಾಠವಿರಲಿ, ಅದರ ಮಾದರಿಯೊಂದನ್ನು ಮುಚ್ಚುಮರೆಯಿಲ್ಲದೆ ಮೇಜಿನ ಮೇಲಿಟ್ಟು, ಮುರಿದು ತೋರಿಸಿ ಎಂದು ಕೇಳಲು ಸಿದ್ಧರಿದ್ದರೆ, ಅವಶ್ಯವಾಗಿ ಹೋಗಿ. ಹೊರಗೆ ಹಣ ಕೊಟ್ಟರೂ ಇಷ್ಟು ಜನ ಇಷ್ಟು ಶ್ರದ್ಧೆಯಿಂದ ನಿಮ್ಮ ಕೆಲಸವನ್ನು ನೋಡುವುದಿಲ್ಲ. ಬರೀ ಕಲಿಯುವುದೇ ಉದ್ದೇಶವಾದರೆ ಸಾಮಾನ್ಯ ಪ್ರವೇಶದ ಟಿಕೆಟ್ ಸಾಕಲ್ಲವೇ ಎಂದು ನಮ್ಮ ಲೆಕ್ಕಿಗರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ನಾನು ಕೊಟ್ಟ ಉತ್ತರ ಇಷ್ಟು: ಆ ಹುಡುಗಿ ಬಂದದ್ದು ಮೇಜಿನ ಮೇಲಿದ್ದ ಕನ್ನಡದ ಅರ್ಜಿಯನ್ನು ಕಂಡು.

ಕಚೇರಿಗೆ ಮರಳಿದ ಆ ವಾರವೇ ನಮ್ಮ ಹಳೆಯ ಸಲಹಾಪತ್ರಗಳನ್ನು ತೆಗೆದು ಕುಳಿತೆವು. ಹೆಸರು, ವಿಳಾಸ, ಊರು ಎಂಬ ಕಡೆಗಳಲ್ಲಿ ನಾವು ಅಕ್ಷರ ಎಂದು ಬರೆದಿದ್ದಲ್ಲೆಲ್ಲ ಈಗ ಸಂಕೇತಗಳ ಸಂಖ್ಯೆಯನ್ನೂ ಬರೆದು, ಪರೀಕ್ಷಿಸಲು ಹತ್ತು ಹೆಸರುಗಳ ಪಟ್ಟಿಯನ್ನೂ ಜೊತೆಗೆ ಕಳುಹಿಸುತ್ತಿದ್ದೇವೆ. ಮುಂದಿನ ಸಮ್ಮೇಳನಕ್ಕೆ ಮುಂಗಡ ಕಟ್ಟಿಯಾಗಿದೆ. ಈ ಸಲ ಓಣಿಯ ಮೇಜು ಬೇಡವೆಂದು ಹೇಳಿ, ಅದರ ಬದಲು ಚಿಕ್ಕ ಕೋಣೆಯಲ್ಲಿ ಒಂದು ಗಂಟೆ ಕೇಳಿದ್ದೇವೆ; ಒಪ್ಪಿದ್ದಾರೆ. ಆ ಪಟ್ಟಿಯ ಮೊದಲ ಹೆಸರು ಲಕ್ಷ್ಮೀನಾರಾಯಣ.