ಹಳೇ ಕಾರಿನ ಕೂಲಂಟ್: ಬರೀ ಬದಲಿಸಬೇಕಾ, ಫ್ಲಶ್ ಮಾಡಬೇಕಾ?

ಕೂಲಂಟ್ ಅಂದರೆ ಇಂಜಿನ್ ತಣ್ಣಗಿಡುವ ದ್ರವ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದು ನೋಡಿ. ಕೂಲಂಟ್ ತಿಳಿಯಾಗಿದ್ದರೆ ಹಳೆಯದನ್ನು ಹೊರಗೆ ಸುರಿದು ಹೊಸದು ತುಂಬಿದರೆ ಸಾಕು. ಒಂದೇ ಕೊರತೆ, ಇಂಜಿನ್ ಬ್ಲಾಕ್ ಮತ್ತು ಹೀಟರ್ ಒಳಗಿನದು ಅಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಫ್ಲಶ್: ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಫುಲ್ ಇಟ್ಟು, ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ತೆರೆಯುವ ವಾಲ್ವ್) ತೆರೆಯುವವರೆಗೆ ಇಂಜಿನ್ ಓಡಿಸಿ, ತಣಿಸಿ, ಮತ್ತೆ ಹೊರಗೆ ಸುರಿಯುವುದು. ನೀರು ತಿಳಿಯಾಗುವ ತನಕ ಇದೇ ಪಾಡು. ಬೇಜಾರಿನ ಕೆಲಸ, ಆದರೂ ನನ್ನ ಓಟು ಇದಕ್ಕೇ.

ತುಕ್ಕು ಬಣ್ಣದ ಕೆಸರು ಕಂಡರೆ ಮಾತ್ರ ಕೆಮಿಕಲ್ ಕ್ಲೀನರ್. ಅದು ಪದರಗಟ್ಟಿದ ಕೊಳೆಯನ್ನು ಬಿಡಿಸುತ್ತದೆ. ಆ ಕೊಳೆಯೇ ಮುಚ್ಚಿಟ್ಟಿದ್ದ ಸಣ್ಣ ತೂತು ಸೋರಲೂ ಶುರುವಾಗಬಹುದು. ತಪ್ಪು ಕ್ಲೀನರ್‌ನದಲ್ಲ, ರೇಡಿಯೇಟರ್ ಆಗಲೇ ಸತ್ತಿತ್ತು.

ರಿವರ್ಸ್ ಫ್ಲಶ್‌ನಲ್ಲಿ ನೀರನ್ನು ಉಲ್ಟಾ ದಿಕ್ಕಿನಲ್ಲಿ ನೂಕುತ್ತಾರೆ. ಕಟ್ಟಿಕೊಂಡ ಹೀಟರ್‌ಗೆ ಒಳ್ಳೆಯದು, ಆದರೆ ಪ್ರೆಶರ್ ಜಾಸ್ತಿಯಾದರೆ ಹಳೇ ಹೀಟರ್ ಕೋರ್ (ಹೀಟರ್ ಒಳಗಿನ ಪುಟ್ಟ ರೇಡಿಯೇಟರ್) ಒಡೆದೀತು.

ಯಾವುದೇ ಫ್ಲಶ್ ಆದರೂ ಬ್ಲಾಕ್‌ನಲ್ಲಿ ಸಾದಾ ನೀರು ಉಳಿದಿರುತ್ತದೆ. 50:50 ಮಿಶ್ರಣ ಬೇಕಿದ್ದರೆ, ಒಟ್ಟು ಸಾಮರ್ಥ್ಯದ ಅರ್ಧದಷ್ಟು ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲಂಟ್) ಮೊದಲು ತುಂಬಿ, ಆಮೇಲೆ ನೀರು ಹಾಕಿ. ತೆಗೆದ ಕೂಲಂಟ್ ಸಿಹಿ ವಿಷ, ನಾಯಿ-ಬೆಕ್ಕಿಗೆ ಸಿಗದಂತೆ ಮುಚ್ಚಿಡಿ.