ಹಳೆ ಮರದ ಬುಡಕ್ಕೆ ಮಣ್ಣು ಏರಿಸುವವರ ಬಗ್ಗೆ ಹುಷಾರು

ಹಿತ್ತಲಲ್ಲಿ ಹಳೆ ಮರ ಇರುವವರು ಇದನ್ನೊಮ್ಮೆ ಓದಿಬಿಡಿ. ‘ಮಲ್ಚಿಂಗ್ (ಅಂದರೆ ಬುಡದ ಮಣ್ಣಿಗೆ ಹೊದಿಕೆ) ಮಾಡಿಕೊಡ್ತೀವಿ, ಬುಡ ನೀಟಾಗಿ ಕಾಣುತ್ತೆ’ ಅಂತ ಯಾರಾದರೂ ಗುತ್ತಿಗೆಯವರು ನಿಮ್ಮನೆ ಬಾಗಿಲಿಗೂ ಬಂದಿದ್ದರೆ ಖಂಡಿತ ಓದಿ.

ಮೈಸೂರಿನ ನಮ್ಮ ಅತ್ತೆ ಮನೆಯ ಹಿಂದೆ ಒಂದು ಬಾದಾಮಿ ಮಾವಿನ ಮರ ಇದೆ. ಮಾವನವರು ಮನೆ ಕಟ್ಟಿಸಿದಾಗ ನೆಟ್ಟದ್ದು. ಅದಕ್ಕೆ ಯಾರೂ ವಿಶೇಷ ಆರೈಕೆ ಮಾಡಿದ್ದಿಲ್ಲ. ಉದುರಿದ ಎಲೆ ಅಲ್ಲೇ ಬಿದ್ದು ಕೊಳೆಯುತ್ತಿತ್ತು, ಮರ ವರ್ಷ ಬಿಟ್ಟು ವರ್ಷ ಚೆನ್ನಾಗಿ ಕಾಯಿ ಬಿಡುತ್ತಿತ್ತು. ಗಾರ್ಡನ್ ನೋಡಿಕೊಳ್ಳುವ ಗುತ್ತಿಗೆಯವನು ಅತ್ತೆ ಒಬ್ಬರೇ ಇದ್ದಾಗ ಬಂದು, ‘ಮರ ಸೊರಗಿದೆ ಅಮ್ಮ’ ಅಂತ ಹೆದರಿಸಿ ಕೆಲಸ ಶುರು ಮಾಡಿಸಿದ.

ಮೊದಲು ತರಗೆಲೆಯನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿ ಸಾಗಿಸಿದ. ಅದಕ್ಕೆ ಬಿಲ್ಲಿನಲ್ಲಿ ಬೇರೆ ದುಡ್ಡು! ಆಮೇಲೆ ಬುಡದ ಸುತ್ತ ಗುದ್ದಲಿಯಲ್ಲಿ ಅಗೆದು, ಕಪ್ಪು ಪ್ಲಾಸ್ಟಿಕ್ ಶೀಟ್ ಹಾಸಿ, ಅದರ ಮೇಲೆ ಕೆಮ್ಮಣ್ಣು, ಕೆಮ್ಮಣ್ಣಿನ ಮೇಲೆ ಸಾಮಿಲ್ಲಿನ ಹಸಿ ಮರದ ಪುಡಿ ಸುರಿದ. ಕಾಂಡಕ್ಕೆ ಒತ್ತಿ, ಮೊಣಕಾಲು ಎತ್ತರ. ಸುತ್ತ ಸೈಜುಗಲ್ಲಿನ ಕಟ್ಟೆ, ಕಲ್ಲಿನ ಸಂದಿಗೆಲ್ಲ ಸಿಮೆಂಟು. ನೋಡೋಕೆ ಚೆನ್ನಾಗಿಯೇ ಇತ್ತು ಅನ್ನಿ. ಅಕ್ಕಪಕ್ಕದವರೂ ಅವನ ನಂಬರ್ ಕೇಳಿದರಂತೆ.

ಸಾಲದ್ದಕ್ಕೆ ನವೆಂಬರ್-ಡಿಸೆಂಬರ್‌ನಲ್ಲಿ ದಿನಾ ಡ್ರಿಪ್ ನೀರು. ಹೂ ಬಿಡುವ ಮುಂಚಿನ ಎರಡು ಮೂರು ತಿಂಗಳು ದೊಡ್ಡ ಮಾವಿನ ಮರಕ್ಕೆ ನೀರು ನಿಲ್ಲಿಸಬೇಕು. ಆ ಒಣ ಅವಧಿ ಸಿಕ್ಕರೇ ಹೂ. ಆ ವರ್ಷ ಹೂವಿನ ಬದಲು ಬರೀ ಚಿಗುರು ಬಂತು. ‘ನೋಡಿ, ಹೇಗೆ ಚಿಗುರಿದೆ’ ಅಂತ ಅದನ್ನೂ ತನ್ನ ಸಾಧನೆ ಅಂತಲೇ ತೋರಿಸಿದ.

ಮುಂದಿನ ಮಳೆಗಾಲದಲ್ಲಿ ನಿಜ ಗೊತ್ತಾಯಿತು. ಎಲೆ ಸಣ್ಣದಾದವು, ಕೊಂಬೆಗಳು ತುದಿಯಿಂದ ಒಣಗತೊಡಗಿದವು. ಕಾಂಡದ ಮೇಲೆ ಗೆದ್ದಲು ಮಣ್ಣಿನ ದಾರಿ ಕಟ್ಟಿತ್ತು. ನಾವು ಹೋಗಿ ಕಟ್ಟೆ ಒಡೆಸಿ ಮಣ್ಣು ಬಿಡಿಸಿದೆವು. ಒಳಗಿನಿಂದ ಹುಳಿ ವಾಸನೆ. ತೊಗಟೆ ನೆನೆದ ರಟ್ಟಿನ ಹಾಗೆ ಬೆರಳಿಗೇ ಎದ್ದು ಬಂತು, ಕೆಳಗೆ ಕಂದು ಬಣ್ಣದ ಲೋಳೆ. ಶೀಟಿನ ಮೇಲಿದ್ದ ಮಣ್ಣಿಗೆ ಕಾಂಡದಿಂದಲೇ ಹೊಸ ಬೇರು ಬಿಟ್ಟು ಅಲ್ಲೇ ಸುತ್ತಿಕೊಂಡಿತ್ತು. ಶೀಟಿನ ಕೆಳಗಿನ ಮಣ್ಣಲ್ಲಿ ಒಂದು ಎರೆಹುಳವೂ ಇರಲಿಲ್ಲ.

ಯಾಕೆ ಹೀಗಾಗುತ್ತದೆ ಅಂದರೆ, ಕಾಂಡದ ತೊಗಟೆಗೆ ಗಾಳಿ ಆಡಬೇಕು. ಅದು ಬೇರಿನ ಹಾಗೆ ಸದಾ ಒದ್ದೆಯಲ್ಲಿ ಇರಲು ಆಗಿದ್ದಲ್ಲ. ಕಾಂಡ ಅಗಲವಾಗುತ್ತಾ ಬೇರಾಗಿ ಹರಡುವ ಜಾಗ ಇದೆಯಲ್ಲ, ಅದು ಕಣ್ಣಿಗೆ ಕಾಣುತ್ತಲೇ ಇರಬೇಕು. ಇನ್ನು ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅವಕ್ಕೂ ಉಸಿರಾಟ ಇದೆ. ಅಗೆದರೆ ಅವು ಕಡಿದುಹೋಗುತ್ತವೆ, ಮೇಲೆ ಶೀಟ್ ಮತ್ತು ಮಣ್ಣು ಹೇರಿದರೆ ಉಸಿರುಗಟ್ಟುತ್ತವೆ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶ ಕೊಟ್ಟದ್ದು ಸುಮ್ನೆ ಅಲ್ಲ.

ಗುತ್ತಿಗೆಯವನನ್ನು ಕರೆಸಿದೆವು. ‘ಮರಕ್ಕೆ ವಯಸ್ಸಾಗಿದೆ ಸಾರ್, ಕಡಿಸಿಬಿಡಿ, ನಮ್ಮ ಹುಡುಗರೇ ಇದ್ದಾರೆ’ ಅಂದ. ಗೆದ್ದಲಿಗೆ ಔಷಧಿ ಹೊಡೆಯಲು ಬೇರೆ ರೇಟು ಹೇಳಿದ. ಗೆದ್ದಲನ್ನು ಕರೆದು ತಂದದ್ದೇ ಅವನ ಮರದ ಪುಡಿ! ಅಂದಹಾಗೆ ಮೈಸೂರಿನಂಥ ನಗರದೊಳಗೆ ಸ್ವಂತ ಹಿತ್ತಲಿನ ಮಾವಿನ ಮರ ಕಡಿಯಲಿಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಆ ಮಾತನ್ನು ಅವನು ಎತ್ತಲೇ ಇಲ್ಲ.

ಇದನ್ನು ಓದಿ ಹೊದಿಕೆಯೇ ಕೆಟ್ಟದ್ದು ಅಂದುಕೊಳ್ಳಬೇಡಿ. ನಾನು ಶಿರಸಿ ಕಡೆಯವನು. ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ (ತೋಟದವರ ಬಳಕೆಯ ಕಾಡು) ಬಿಟ್ಟಿರುವುದೇ ಸೊಪ್ಪು, ದರಕು (ಒಣಗಿದ ಎಲೆ) ತಂದು ತೋಟಕ್ಕೆ ಹೊದಿಸಲಿಕ್ಕೆ. ಆದರೆ ಹೊದಿಕೆ ಅಂದರೆ ಹರಡುವುದು, ಗುಡ್ಡೆ ಹಾಕುವುದಲ್ಲ. ಈಗ ಅತ್ತೆ ಮನೆಯಲ್ಲಿ ಮೂರು ಇಂಚು ದಪ್ಪ ತರಗೆಲೆ ಇದೆ, ಅಷ್ಟೆ. ಕಾಂಡದಿಂದ ಒಂದು ಗೇಣು ಬಿಟ್ಟು ಶುರುಮಾಡಿ, ಕೊಂಬೆಗಳ ನೆರಳು ಮುಗಿಯುವವರೆಗೆ ಹರಡಿದ್ದೇವೆ. ಮಳೆ ಮುಗಿಯುತ್ತಾ ಬಂದಾಗ, ಮಣ್ಣಲ್ಲಿ ಇನ್ನೂ ತೇವ ಇರುವಾಗಲೇ ಹಾಕಿದರೆ ಒಳ್ಳೆಯದು. ಹಸಿ ಸಗಣಿ ಬೇಡ, ಕಳಿತ ಗೊಬ್ಬರವನ್ನು ತೆಳ್ಳಗೆ ಉದುರಿಸಿ. ಹಸಿ ಮರದ ಪುಡಿಯನ್ನು ಮಣ್ಣಿಗೆ ಬೆರೆಸಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ.

ಈಗಾಗಲೇ ಮಣ್ಣು ಏರಿಸಿದ್ದರೆ ಕೈಯಲ್ಲೇ ನಿಧಾನಕ್ಕೆ ಬಿಡಿಸಿ, ತೊಗಟೆ ಹತ್ತಿರ ಗುದ್ದಲಿ ತರಬೇಡಿ. ನಮ್ಮ ಮರದಲ್ಲಿ ಒಂದು ದೊಡ್ಡ ಕೊಂಬೆ ಪೂರ್ತಿ ಹೋಯಿತು. ಉಳಿದದ್ದು ಬದುಕುತ್ತದೋ ಇಲ್ಲವೋ, ಇನ್ನೆರಡು ಮಳೆಗಾಲ ಕಾಯಬೇಕು.

ಅವನ ಬಿಲ್ಲನ್ನು ಆಮೇಲೆ ತೆಗೆದು ನೋಡಿದೆ. ಮಣ್ಣು ಟ್ರಾಕ್ಟರ್ ಲೋಡಿನ ಲೆಕ್ಕ, ಮರದ ಪುಡಿ ಚೀಲದ ಲೆಕ್ಕ, ಕಟ್ಟೆ ಅಡಿ ಲೆಕ್ಕ. ಗುಡ್ಡೆ ಎತ್ತರವಾದಷ್ಟೂ ಅವನಿಗೆ ಜಾಸ್ತಿ. ನಿಮಗೂ ಯಾರಾದರೂ ಕೊಟೇಶನ್ ಕೊಟ್ಟರೆ ‘ಲೋಡ್ ಮಣ್ಣು’ ಅನ್ನುವ ಸಾಲು ಇದೆಯಾ ಅಂತ ಮೊದಲು ನೋಡಿ. ಇದ್ದರೆ ಅಲ್ಲಿಂದಲೇ ವಾಪಸ್ ಕಳಿಸಿ.