ಕಾಂಟ್ರಾಕ್ಟ್ ಇರುವ ಫ್ಯಾಂಟಸಿ ಹಾಕಿ ಸೈಟ್: ಲೆಕ್ಕಕ್ಕೆ ಲಾಯ್ಕ, ಚೌಕಾಸಿಗೆ ಆಗುದಿಲ್ಲ

ಮೊದ್ಲೇ ಹೇಳಿ ಬಿಡ್ತೇನೆ, ಇದು ಐಸ್ ಹಾಕಿ, ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಲೀಗಿನದ್ದು. ಫ್ಯಾಂಟಸಿ ಅಂದ್ರೆ ನಿಜವಾದ ಪ್ಲೇಯರುಗಳನ್ನು ಆರಿಸಿ ನಮ್ಮದೇ ಟೀಮ್ ಕಟ್ಟುದು, ಅವರು ನಿಜವಾದ ಮ್ಯಾಚಲ್ಲಿ ಆಡಿದ ಹಾಗೆ ನಮಗೆ ಪಾಯಿಂಟ್. ನಮ್ಮ ಕಡೆ ಹಾಕಿ ಅಂದ ಕೂಡ್ಲೇ ಎಲ್ಲರಿಗೂ ಕೊಡಗಿನ ಕುಟುಂಬಗಳ ಪಂದ್ಯಾಟ ನೆನಪಾಗುದು, ಮಂಗಳೂರಲ್ಲಿ ಐಸ್ ಇರುದು ಬಂದರಿನ ಮೀನಿನ ಬಾಕ್ಸಲ್ಲಿ ಮಾತ್ರ ಅಂತ ಮನೆಯವರೇ ತಮಾಷೆ ಮಾಡ್ತಾರೆ. ಆದ್ರೂ ಹನ್ನೆರಡು ಟೀಮಿನ ಲೀಗ್ ಉಂಟು ನಮ್ದು, ಅರ್ಧ ಜನ ಇಲ್ಲಿಯವರು, ಉಳಿದವರು ಟೊರಾಂಟೊ ಕಡೆ ಹೋಗಿ ಸೆಟ್ಲ್ ಆದ ನಮ್ಮ ಕಾಲೇಜಿನವರೇ. ಹಣ ಗಿಣ ಎಂತ ಇಲ್ಲ, 2025ರ ಆಗಸ್ಟಲ್ಲಿ ಆನ್‌ಲೈನ್ ಗೇಮಿಂಗ್ ಕಾನೂನು ಬಂದ ಮೇಲೆ ಹಣ ಕಟ್ಟಿ ಆಡುದು ಹೇಗೂ ಬಂದ್, ಲಾಸ್ಟ್ ಬಂದವ ಎಲ್ಲರಿಗೂ ಗಡ್‌ಬಡ್ ಕೊಡಿಸ್ಬೇಕು ಅಷ್ಟೇ.

ಸೈಟಿನ ಹೆಸರು ಹಾಕ್ಲಿಕ್ಕೆ ಹೋಗುದಿಲ್ಲ. ಕಾಂಟ್ರಾಕ್ಟ್, ಸ್ಯಾಲರಿ ಕ್ಯಾಪ್ (ಒಂದು ಟೀಮ್ ಒಟ್ಟು ಸಂಬಳಕ್ಕೆ ಖರ್ಚು ಮಾಡ್ಬಹುದಾದ ಮಿತಿ) ಎರಡೂ ಇಟ್ಟುಕೊಂಡು ವರ್ಷ ವರ್ಷ ಅದೇ ಟೀಮ್ ಮುಂದುವರಿಸುವ ಲೀಗ್ ನಡೆಸುವ ಸೈಟುಗಳು ಬೆರಳೆಣಿಕೆಯಷ್ಟೇ ಇರುದು, ಆಡುವವರಿಗೆ ಅಂದಾಜಾಗ್ತದೆ.

ಲಾಯ್ಕ ಇರುದನ್ನು ಮೊದ್ಲು ಹೇಳ್ಬೇಕು. ಯಾರ ಹತ್ರ ಯಾವ ಪ್ಲೇಯರ್, ಎಷ್ಟು ಸಂಬಳ, ಎಷ್ಟು ವರ್ಷ ಬಾಕಿ, ಬಿಟ್ಟರೆ ಎಷ್ಟು ಪೆನಾಲ್ಟಿ ತಲೆ ಮೇಲೆ ಕೂತ್ಕೊಳ್ತದೆ, ಇದೆಲ್ಲ ಒಂದೇ ಪೇಜಲ್ಲಿ ಬರ್ತದೆ, ಟ್ರೇಡ್ ಮಾಡಿದ್ರೆ ಎರಡೂ ಟೀಮಿನ ಕ್ಯಾಪ್ ಕೂಡ್ಲೇ ಸರಿಯಾಗ್ತದೆ, ಮೊದ್ಲು ನಾವು ಎಕ್ಸೆಲ್ ಶೀಟಲ್ಲಿ ಬರ್ಕೊಂಡು ಜಗಳ ಮಾಡ್ತಿದ್ದದ್ದು ನಿಂತೇ ಹೋಯ್ತು. ಇದಕ್ಕೆ ಫುಲ್ ಮಾರ್ಕ್. ಮೊಬೈಲ್ ಆಪ್ ಸ್ವಲ್ಪ ನಿಧಾನ, ಇರ್ಲಿ ಬಿಡಿ.

ಎಕ್ಸ್‌ಟೆನ್ಶನ್, ಅಂದ್ರೆ ಇರುವ ಪ್ಲೇಯರಿನ ಕಾಂಟ್ರಾಕ್ಟ್ ಮುಂದುವರಿಸುವ ವಿಷಯ ಬಂದ್ರೆ ಮಾತ್ರ ಎಂತ ಸಾವು ಮಾರಾಯ್ರೆ. ಅದಕ್ಕೆ ಅಂತ ಒಂದು ಬಟನ್ ಕೊಟ್ಟಿದ್ದಾರೆ, ಒತ್ತಿದ್ರೆ ರೇಟ್ ಬರ್ತದೆ, ಬೇಕಾದ್ರೆ ತಗೊಳ್ಳಿ ಇಲ್ಲದಿದ್ರೆ ಬಿಡಿ. ನಮ್ಮ ಲೀಗಲ್ಲಿ ಮೊದ್ಲು ಇಟ್ಟದ್ದು ಈಗಿನ ಸಂಬಳದ ಮೇಲೆ ಪ್ರತಿ ವರ್ಷಕ್ಕೆ 20 ಪರ್ಸೆಂಟ್ ಏರಿಸುವ ಸೂತ್ರ. ಹೇಳ್ಲಿಕ್ಕೆ ಸುಲಭ. ಆದ್ರೆ ಮಾಂಟ್ರಿಯಲ್‌ನ ಲೇನ್ ಹಟ್ಸನ್‌ನನ್ನು ತಗೊಳ್ಳಿ, 2024-25ರಲ್ಲಿ 66 ಪಾಯಿಂಟ್ (ಗೋಲ್, ಅಸಿಸ್ಟ್ ಸೇರಿ) ಮಾಡಿ ಬೆಸ್ಟ್ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದ ಹುಡುಗ, ಡಿಫೆನ್ಸ್‌ಮನ್ ಬೇರೆ, ಆಗ ಹೊಸಬರ ಕಾಂಟ್ರಾಕ್ಟಲ್ಲಿ ಇದ್ದದ್ರಿಂದ ಸಂಬಳ 1 ಮಿಲಿಯ ಡಾಲರಿನ ಒಳಗೆ. ಮೂರು ವರ್ಷಕ್ಕೆ ಎಕ್ಸ್‌ಟೆಂಡ್ ಮಾಡಿದ್ರೆ ಸೈಟ್ ಹೇಳುವ ರೇಟ್ ಒಂದೂವರೆ ಮಿಲಿಯ ಚಿಲ್ಲರೆ! ಅವ ನನ್ನ ಟೀಮಲ್ಲೇ ಇದ್ದದ್ದು, ನಂಗೆ ಲಾಭವೇ, ಆದ್ರೂ ನಾಚಿಕೆ ಆಯ್ತು. ನಿಜವಾದ ಮಾಂಟ್ರಿಯಲ್ ಟೀಮ್ 2025ರ ಅಕ್ಟೋಬರಲ್ಲಿ ಅವನಿಗೆ ಕೊಟ್ಟದ್ದು ವರ್ಷಕ್ಕೆ 8.85 ಮಿಲಿಯದ ಹಾಗೆ 8 ವರ್ಷ.

ಇನ್ನೊಂದು ಸೆಟ್ಟಿಂಗ್ ಉಂಟು, ಹೋದ ಸೀಸನ್ ಪಾಯಿಂಟ್ ನೋಡಿ ರೇಟ್ ಕಟ್ಟುದು. ಅದು ಗೋಲ್‌ಕೀಪರುಗಳಿಗೆ ಬಂದಾಗ ಹುಚ್ಚು ಹಿಡಿದ ಹಾಗೆ ಮಾಡ್ತದೆ. ವಿನ್ನಿಪೆಗ್‌ನ ಹೆಲಬಕ್ 2024-25ರಲ್ಲಿ 47 ಮ್ಯಾಚ್ ಗೆದ್ದು ಹಾರ್ಟ್ (ಟೀಮಿಗೆ ಅತಿ ಮುಖ್ಯ ಪ್ಲೇಯರಿಗೆ), ವೆಜಿನಾ (ಬೆಸ್ಟ್ ಗೋಲ್‌ಕೀಪರಿಗೆ) ಎರಡೂ ಟ್ರೋಫಿ ತಗೊಂಡ, ಅಂಥ ವರ್ಷದ ಮರುದಿನ ಬಟನ್ ಒತ್ತಿದ್ರೆ ಲೀಗಿನ ಮ್ಯಾಕ್ಸಿಮಮ್ ರೇಟೇ ಬರುದು, ಅವನಿಗೆ ಮೂವತ್ತು ದಾಟಿದೆ ಅಂತ ಸೈಟಿಗೆ ಎಂತ ಚಿಂತೆ ಇಲ್ಲ.

ದೊಡ್ಡ ಎಡವಟ್ಟು ಇರುದು ಬೇರೆ ಕಡೆ. ಎನ್‌ಎಚ್‌ಎಲ್ ಕ್ಯಾಪ್ 2024-25ರಲ್ಲಿ 88 ಮಿಲಿಯ ಇತ್ತು, 2025-26ಕ್ಕೆ 95.5, ಮುಂದಿನ ಎರಡು ಸೀಸನಿಗೆ 104 ಮತ್ತೆ 113.5 ಅಂತ ಮೊದ್ಲೇ ಹೇಳಿ ಇಟ್ಟಿದ್ದಾರೆ. ನಮ್ಮ ಲೀಗ್ ಕ್ಯಾಪ್ ಕೂಡ ಅದರ ಜೊತೆಗೇ ಏರ್ತದೆ. ಹಾಗಾದ್ರೆ 12 ಮಿಲಿಯದ ಒಬ್ಬ ಪ್ಲೇಯರ್ 88ರಲ್ಲಿ ಹದಿಮೂರೂವರೆ ಪರ್ಸೆಂಟಿಗಿಂತ ಜಾಸ್ತಿ ತಿಂತಾನೆ, 113.5ರಲ್ಲಿ ಅದೇ ಮನುಷ್ಯ ಹತ್ತೂವರೆ ಪರ್ಸೆಂಟ್ ಅಷ್ಟೇ. ಅಂದ್ರೆ ಟೀಮ್ ನಡೆಸುವವನಿಗೆ ಉದ್ದದ ಕಾಂಟ್ರಾಕ್ಟ್ ವರ್ಷ ಹೋದ ಹಾಗೆ ಅಗ್ಗ ಆಗ್ತಾ ಹೋಗ್ತದೆ, ಪ್ಲೇಯರಿಗೆ ಗಿಡ್ಡ ಕಾಂಟ್ರಾಕ್ಟೇ ಒಳ್ಳೆದು. ಈ ಎಳೆದಾಟ ಸೈಟಿನ ಸೂತ್ರದಲ್ಲಿ ಎಲ್ಲಿಯೂ ಇಲ್ಲ, ಅದಕ್ಕೆ 88ರ ಕ್ಯಾಪೂ ಒಂದೇ 113ರ ಕ್ಯಾಪೂ ಒಂದೇ.

ಮತ್ತೆ ಕಪ್ರಿಜೊವ್, ಮೆಕ್‌ಡೇವಿಡ್ ಇವರನ್ನು ಯಾವ ಸೂತ್ರಕ್ಕೆ ಹಾಕ್ತೀರಿ? ಮಿನೆಸೋಟಾದ ಕಪ್ರಿಜೊವ್ 8 ವರ್ಷಕ್ಕೆ 128 ಮಿಲಿಯ ಬೇಡ ಅಂದ ಅಂತ 2025ರ ಸೆಪ್ಟೆಂಬರಲ್ಲಿ ಸುದ್ದಿ ಬಂತು, ಅದೇ ತಿಂಗಳ ಕೊನೆಗೆ 136ಕ್ಕೆ ಸೈನ್ ಮಾಡಿದ, ವರ್ಷಕ್ಕೆ 17. ವಾರ ಕಳೀಲಿಕ್ಕಿಲ್ಲ, ಅವನಿಗಿಂತ ಮೇಲಿನವ ಅಂತ ಎಲ್ಲರೂ ಒಪ್ಪುವ ಮೆಕ್‌ಡೇವಿಡ್ ಎಡ್ಮಂಟನ್ ಜೊತೆ ಎರಡೇ ವರ್ಷ, ವರ್ಷಕ್ಕೆ 12.5 ಮಿಲಿಯದ ಹಾಗೆ ಸೈನ್ ಮಾಡಿದ, ಹಳೆ ಕಾಂಟ್ರಾಕ್ಟಿನ ರೇಟೇ, ಒಂದು ಡಾಲರ್ ಜಾಸ್ತಿ ಇಲ್ಲ. ಒಬ್ಬನಿಗೆ ಹಣ ಬೇಕು, ಇನ್ನೊಬ್ಬನಿಗೆ ಕಪ್ ಗೆಲ್ಲುವ ಟೀಮ್ ಬೇಕು. ಇದನ್ನೇ ನಾವು ಆಟದಲ್ಲಿ ಹುಡುಕುದು ಅಲ್ವಾ.

ಹಾಗಾಗಿ ನಾವು ಮಾಡಿದ್ದು ಎಂತ ಅಂದ್ರೆ, ಲೀಗಲ್ಲಿ ಟೀಮ್ ಇಲ್ಲದ ಒಬ್ಬರನ್ನು ಎಲ್ಲಾ ಪ್ಲೇಯರಿಗೂ ಏಜೆಂಟ್ ಮಾಡಿ ಕೂರಿಸಿದ್ದು. ಕದ್ರಿಯ ಶೆಟ್ರು, ನಿಜ ಜೀವನದಲ್ಲೂ ಎಲ್‌ಐಸಿ ಏಜೆಂಟ್, ಮಾತಲ್ಲಿ ಅವರನ್ನು ಸೋಲಿಸ್ಲಿಕ್ಕೆ ಆಗುದಿಲ್ಲ. ರೂಲ್ಸ್ ಇಷ್ಟೇ: ಕಾಂಟ್ರಾಕ್ಟಿನ ಕೊನೆ ವರ್ಷ ಶುರುವಾಗುವ ಜುಲೈ 1ರಿಂದ ಮಾತಾಡ್ಬಹುದು (ನಿಜವಾದ ಲೀಗಲ್ಲೂ ಅದೇ), ಮೂರು ಆಫರ್ ಕೊಡ್ಬಹುದು, ಮೂರೂ ಬಿದ್ರೆ ಆ ಪ್ಲೇಯರ್ ಸೀಸನ್ ಮುಗಿಯುವವರೆಗೆ ನಿಮ್ಮ ಹತ್ರ ಮಾತಾಡುದಿಲ್ಲ. ಶೆಟ್ರ ಹತ್ರ ಪ್ರತಿ ಪ್ಲೇಯರಿನ ಕನಿಷ್ಠ ರೇಟ್ ಮೊದ್ಲೇ ಬರೆದ ಚೀಟಿ ಇರ್ತದೆ, ಕೊನೆಗೆ ಅದನ್ನು ಗ್ರೂಪಲ್ಲಿ ಹಾಕ್ತಾರೆ, ಮೋಸ ಅಂತ ಯಾರೂ ಹೇಳ್ಲಿಕ್ಕಿಲ್ಲ.

ಹಟ್ಸನ್ ಮಾತುಕತೆ ಸೆಪ್ಟೆಂಬರಲ್ಲಿ ಆದದ್ದು. ನಾನು 4 ವರ್ಷ, ವರ್ಷಕ್ಕೆ 6.5 ಮಿಲಿಯ ಅಂದೆ. "ಹುಡುಗನಿಗೆ ಇನ್ನೂ ಮೀಸೆ ಸರಿ ಬರ್ಲಿಲ್ಲ ಮಾರಾಯ್ರೆ, ಈಗ್ಲೇ ನಾಲ್ಕು ವರ್ಷ ಕಟ್ಟಿ ಹಾಕ್ತೀರಾ, ಕ್ಯಾಪ್ ಏರುದು ಅವನಿಗೂ ಗೊತ್ತುಂಟು" ಅಂದ್ರು ಶೆಟ್ರು. "ಹಾಗಾದ್ರೆ ಎರಡು ವರ್ಷ ಮಾಡುವ ಶೆಟ್ರೇ, 6.75" ಅಂದದ್ದಕ್ಕೆ ಎರಡು ದಿನ ಬ್ಲೂ ಟಿಕ್ ಮಾತ್ರ. ಕೊನೆಗೆ 3 ವರ್ಷ, 7.25ಕ್ಕೆ ಮುಗೀತು. ಚೀಟಿಯಲ್ಲಿ ಇದ್ದದ್ದು 7.1. ಅಷ್ಟು ಹತ್ರ ಬಂದದ್ದಕ್ಕೆ ಒಂದು ವಾರ ನಂಗೆ ಭಯಂಕರ ಖುಷಿ, ಬಟನ್ ಒತ್ತಿ ಒಂದೂವರೆ ಮಿಲಿಯಕ್ಕೆ ಸಿಕ್ಕಿದ್ರೆ ಇಷ್ಟು ಖುಷಿ ಖಂಡಿತ ಆಗ್ತಿರ್ಲಿಲ್ಲ.

ಇದೆಲ್ಲ ವಾಟ್ಸಾಪಲ್ಲೇ ಆಗುದು, ಮುಗಿದ ಮೇಲೆ ನಮ್ಮ ಲೀಗ್ ನಡೆಸುವ ಕಮಿಷನರ್ ಸೈಟಿಗೆ ಹೋಗಿ ಕೈಯಲ್ಲಿ ಎಂಟ್ರಿ ಮಾಡ್ತಾನೆ. ಸೈಟಿನವರು ಒಂದು ಕೌಂಟರ್ ಆಫರ್ ಡಬ್ಬಿ ಇಟ್ಟಿದ್ರೆ ಸಾಕಿತ್ತು. ಇನ್ನೊಂದು, ಡೆಡ್‌ಲೈನ್ ಎಲ್ಲ ಅಮೆರಿಕದ ಈಸ್ಟರ್ನ್ ಟೈಮಲ್ಲಿ ಇರುದು, ಅಲ್ಲಿ ರಾತ್ರಿ ಹನ್ನೆರಡು ಅಂದ್ರೆ ಬೇಸಿಗೆ ಟೈಮಲ್ಲಿ ನಮಗೆ ಬೆಳಿಗ್ಗೆ ಒಂಬತ್ತೂವರೆ, ಸರಿಯಾಗಿ ನಂತೂರು ಸರ್ಕಲಲ್ಲಿ ಸಿಕ್ಕಿ ಹಾಕ್ಕೊಂಡಿರುವ ಹೊತ್ತು. ನಮ್ಮ ಟೈಮಿಗೆ ಬದಲಿಸುವ ಸೆಟ್ಟಿಂಗ್ ಹುಡುಕಿ ಹುಡುಕಿ ಸಾಕಾಯ್ತು, ಹೆಲ್ಪಿಗೆ ಮೇಲ್ ಹಾಕಿದ್ರೆ ಥ್ಯಾಂಕ್ಸ್ ಅಂತ ರಿಪ್ಲೈ ಬಂತು, ಅಷ್ಟೇ.

ಹೊಸದಾಗಿ ಶುರು ಮಾಡುವವರು ತಗೊಳ್ಳಿ, ಲೆಕ್ಕಕ್ಕೆ ಇದಕ್ಕಿಂತ ಸುಲಭದ್ದು ನಾನಂತೂ ನೋಡ್ಲಿಲ್ಲ. ಆದ್ರೆ ಆ ಬಟನ್ ಮೊದಲ ದಿನವೇ ಆಫ್ ಮಾಡಿ, ಮಾತು ಬಲ್ಲ ಒಬ್ಬರನ್ನು ಏಜೆಂಟ್ ಮಾಡಿ. ಐದರಲ್ಲಿ ಮೂರೂವರೆ ಸ್ಟಾರ್, ಅದರಲ್ಲಿ ಅರ್ಧ ಶೆಟ್ರದ್ದು. ನನ್ನ ಟೀಮಲ್ಲಿ ಕೊಲರಾಡೊದ ಸ್ಟಾರ್ ಡಿಫೆನ್ಸ್‌ಮನ್ ಕೇಲ್ ಮಕಾರ್ ಇದ್ದಾನೆ, 9 ಮಿಲಿಯದ ಕಾಂಟ್ರಾಕ್ಟ್ 2026-27ಕ್ಕೆ ಮುಗೀತದೆ, ಮಾತು ಶುರುವಾಗುದು 2026ರ ಜುಲೈ 1ಕ್ಕೆ. ಶೆಟ್ರು ಈಗ್ಲೇ "15ಕ್ಕಿಂತ ಕೆಳಗೆ ಫೋನೇ ಮಾಡ್ಬೇಡಿ" ಅಂತ ಹೇಳಿ ಇಟ್ಟಿದ್ದಾರೆ.